ಎರಡು ನಿಮಿಷದ ಇಡ್ಲಿ ಪಾರ್ಸಲ್



ಈ ಭಾಷಣದ ಧ್ವನಿಮುದ್ರಣಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಎಂದಿದ್ದರು. ನಾನು ಮನೆ ಬಿಟ್ಟದ್ದು ಎಂಟೂವರೆಗೆ. ನಮ್ಮ ಮನೆಯಿಂದ ರಾಜಭವನ ರಸ್ತೆಯ ಆಕಾಶವಾಣಿಗೆ ಹನ್ನೆರಡು ಕಿಲೋಮೀಟರು. ಎರಡೂವರೆ ಗಂಟೆ ಕೊಟ್ಟರೆ ಗಟ್ಟಿಮುಟ್ಟಾದ ಮನುಷ್ಯ ಅಷ್ಟು ದೂರವನ್ನು ನಡೆದೇ ಮುಗಿಸುತ್ತಾನೆ. ಅಂದರೆ ಬಸ್ಸಿನಲ್ಲಿ ಕೂತು ಬರುವುದಕ್ಕೆ ನಾನು ಕಾಲ್ನಡಿಗೆಯ ಹೊತ್ತನ್ನೇ ಎತ್ತಿಟ್ಟುಕೊಂಡು ಹೊರಟಿದ್ದೆ. ಆದದ್ದೇನು? ಇವತ್ತು ರಸ್ತೆ ಯಾಕೋ ಬಿಡುವಾಗಿತ್ತು. ಒಂಬತ್ತೂಕಾಲಿಗೆಲ್ಲ ಗೇಟಿನ ಮುಂದೆ ನಿಂತಿದ್ದೆ. ಉಳಿದ ಒಂದೂಮುಕ್ಕಾಲು ಗಂಟೆ ಏನು ಮಾಡುವುದು? ಒಂದು ಕಾಫಿ ಕುಡಿದೆ, ಪೇಪರು ಓದಿದೆ, ಬೇಡವಾಗಿದ್ದರೂ ಇನ್ನೊಂದು ಕಾಫಿ ಕುಡಿದೆ.

ಬೆಂಗಳೂರಿನ ವಾಹನ ದಟ್ಟಣೆ ಎಂದಾಕ್ಷಣ ಗಾಡಿಗಳು ತೆವಳುವ ಚಿತ್ರ ಕಣ್ಣಿಗೆ ಬರುತ್ತದೆ. ನನ್ನ ಪ್ರಕಾರ ತೆವಳುವುದು ಸಣ್ಣ ತೊಂದರೆ. ದಿನವೂ ಒಂದೇ ವೇಗದಲ್ಲಿ ತೆವಳಿದರೆ ಹೇಗೋ ಹೊಂದಿಕೊಳ್ಳಬಹುದು. ಇವತ್ತು ನಲವತ್ತು ನಿಮಿಷ, ನಾಳೆ ಎರಡು ಗಂಟೆ ಎಂದಾದಾಗ ಮನುಷ್ಯ ದಿನವೂ ಎರಡು ಗಂಟೆಯ ಲೆಕ್ಕದಲ್ಲೇ ಬದುಕಬೇಕಾಗುತ್ತದೆ. ರೈಲು ಹಿಡಿಯುವವರು, ಪರೀಕ್ಷೆಗೆ ಹೋಗುವ ಹುಡುಗರು, ಮುಹೂರ್ತಕ್ಕೆ ತಲುಪಬೇಕಾದ ಸೋದರಮಾವ ಎಲ್ಲರದೂ ಇದೇ ಕಥೆ. 2019ರಲ್ಲಿ ಟಾಮ್‌ಟಾಮ್ ಎಂಬ ಸಂಸ್ಥೆ ತಾನು ಅಳೆದ ಜಗತ್ತಿನ ನಗರಗಳಲ್ಲೆಲ್ಲ ಬೆಂಗಳೂರಿನ ದಟ್ಟಣೆಯೇ ಮೊದಲನೆಯದು ಎಂದಿತು. 2023ರ ಅದರ ಲೆಕ್ಕದ ಪ್ರಕಾರ ಊರೊಳಗೆ 10 ಕಿಲೋಮೀಟರಿಗೆ ಸರಾಸರಿ 28 ನಿಮಿಷ. ಈ ಲೆಕ್ಕ ರಸ್ತೆಯ ಮೇಲೆ ಕಳೆದ ಹೊತ್ತಿನದು. ಗೇಟಿನ ಮುಂದೆ ಎರಡನೇ ಕಾಫಿ ಕುಡಿದ ಹೊತ್ತು ಅದರಲ್ಲಿ ಇಲ್ಲ.

ಒಂದು ತಮಾಷೆ ನೋಡಿ. ಇಂಗ್ಲಿಷಿನಲ್ಲಿ ಟ್ರಾಫಿಕ್ ಎಂದರೆ ಓಡಾಟ. ಬೆಂಗಳೂರಿನ ಕನ್ನಡದಲ್ಲಿ ಟ್ರಾಫಿಕ್ ಎಂದರೆ ಓಡಾಟ ನಿಂತುಹೋಗಿರುವುದು. ‘ಯಾಕ್ರೀ ಲೇಟು?’ ‘ಟ್ರಾಫಿಕ್ಕು.’ ಅಲ್ಲಿಗೆ ಮಾತು ಮುಗಿಯಿತು, ಮರುಪ್ರಶ್ನೆ ಇಲ್ಲ. ಹಿಂದೆ ಮಳೆಗಿದ್ದ ಈ ಮರ್ಯಾದೆ ಈಗ ಟ್ರಾಫಿಕ್ಕಿಗೆ ಸಂದಿದೆ: ದೇವರು ಕೊಟ್ಟದ್ದು, ಯಾರೇನು ಮಾಡಲಾದೀತು ಎಂಬ ಹಾಗೆ. ಅದು ದೇವರು ಕೊಟ್ಟದ್ದಲ್ಲ ಎಂದು ಒಂದು ಇಡ್ಲಿ ಪಾರ್ಸಲಿನ ಮೂಲಕ ತೋರಿಸಲು ಪ್ರಯತ್ನಿಸುತ್ತೇನೆ.

ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ಒಂದು ದರ್ಶಿನಿ ಇದೆ. ಇಡ್ಲಿ ಚೆನ್ನಾಗಿರುತ್ತದೆ, ಚಟ್ನಿ ಇನ್ನೂ ಚೆನ್ನಾಗಿರುತ್ತದೆ. ತಂಟೆಯೆಲ್ಲ ಆ ಚಟ್ನಿಯಿಂದಲೇ. ರಸ್ತೆಯ ಅಂಚಿನಲ್ಲಿ ಬೆಳಗಾಗುವುದರೊಳಗೆ ಸ್ಕೂಟರುಗಳ ಸಾಲು ನಿಂತಿರುತ್ತದೆ. ಒಂಬತ್ತರ ಹೊತ್ತಿಗೆ ಒಂದು ಕಾರು ಬರುತ್ತದೆ. ಅಂಚಿನಲ್ಲಿ ಜಾಗವಿಲ್ಲದ್ದರಿಂದ ಸ್ಕೂಟರುಗಳ ಪಕ್ಕಕ್ಕೆ, ಅಂದರೆ ಗಾಡಿ ಓಡುವ ಜಾಗದಲ್ಲೇ ನಿಲ್ಲುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗುತ್ತವೆ. ಆ ನಾಲ್ಕು ದೀಪ ಮಿನುಗಿಸಿದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದೆಂಬ ಕಾನೂನು ಯಾವಾಗ ಜಾರಿಗೆ ಬಂತೋ ನನಗೆ ತಿಳಿಯದು. ಒಂದು ದಿನ ತಡೆಯಲಾರದೆ ಕಾರಿನವನಿಗೆ ಹೇಳಿಯೇಬಿಟ್ಟೆ. ಆತ ಕೋಪಿಸಿಕೊಳ್ಳಲಿಲ್ಲ, ಬಹಳ ವಿನಯದಿಂದಲೇ ‘ಎರಡೇ ನಿಮಿಷ ಸಾರ್, ಪಾರ್ಸಲ್ ಅಷ್ಟೇ’ ಎಂದ. ಹೇಳಿದ ಹಾಗೆ ಎರಡೇ ನಿಮಿಷದಲ್ಲಿ ಪೊಟ್ಟಣ ಹಿಡಿದು ಬಂದು ಹೊರಟೂ ಹೋದ. ಮಾತಿಗೆ ತಪ್ಪದ ಮನುಷ್ಯ.

ಆದರೆ ರಸ್ತೆ ಮತ್ತೆ ಸರಾಗವಾಗುವ ಹೊತ್ತಿಗೆ ನನ್ನ ಗಡಿಯಾರದಲ್ಲಿ ಇಪ್ಪತ್ತು ನಿಮಿಷವಾಗಿತ್ತು.

ನಾನು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವನು. ಮನೆಗೆ ಬಂದು ಹಾಲಿನ ಲೆಕ್ಕದ ಚೀಟಿಯ ಹಿಂದೆ ಗುಣಾಕಾರ ಹಾಕಿದೆ. ನೀವೂ ಬೆರಳು ಮಡಚುತ್ತ ಕೇಳಿ. ಒಂದು ಸಾಲಿನಲ್ಲಿ ಗಾಡಿಗಳು ಎಷ್ಟೇ ಒತ್ತೊತ್ತಾಗಿ ಹೋದರೂ ಒಂದರ ಹಿಂದೊಂದಕ್ಕೆ ಎರಡು ಸೆಕೆಂಡಾದರೂ ಅಂತರ ಬೇಕು. ಅಂದರೆ ನಿಮಿಷಕ್ಕೆ 30 ಗಾಡಿ. ಅದಕ್ಕಿಂತ ಹೆಚ್ಚು ಆ ಸಾಲಿನಲ್ಲಿ ಹಿಡಿಸುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ರಸ್ತೆಗೆ ನಿಮಿಷಕ್ಕೆ 27 ಗಾಡಿ ಬರುತ್ತಿವೆ ಎನ್ನೋಣ. ಸಂದಿಯಲ್ಲಿ ನುಸುಳುವ ಸ್ಕೂಟರುಗಳನ್ನು ಬಿಟ್ಟುಬಿಡಿ. 27 ಬರುತ್ತವೆ, 30 ಹೋಗಬಹುದು, ಎಲ್ಲ ಸುಖ. ಈಗ ನಮ್ಮ ಪಾರ್ಸಲಿನವರು ಎರಡು ನಿಮಿಷ ಆ ಸಾಲನ್ನು ಮುಚ್ಚಿದರು. ಹಿಂದೆ 54 ಗಾಡಿ ಸೇರಿದವು. ಅವರು ಹೊರಟರು, ಸಾಲು ಬಿಚ್ಚಿಕೊಂಡಿತು. ನಿಮಿಷಕ್ಕೆ 30 ಗಾಡಿ ಮುಂದೆ ಹೋಗುತ್ತವೆ, ಆದರೆ ಹಿಂದಿನಿಂದ 27 ಬರುತ್ತಲೇ ಇವೆ. ಕರಗುವುದು ನಿಮಿಷಕ್ಕೆ ಮೂರೇ ಮೂರು. 54 ಕರಗಲು 18 ನಿಮಿಷ. ಮೊದಲಿನ ಎರಡು ಸೇರಿಸಿದರೆ ಇಪ್ಪತ್ತು. ಆ ಇಪ್ಪತ್ತು ನಿಮಿಷದಲ್ಲಿ ಆ ದಾರಿಗೆ ಬಂದವು 540 ಗಾಡಿ, ಅವೆಲ್ಲ ಕಾದ ಹೊತ್ತನ್ನು ಕೂಡಿದರೆ ಒಂಬತ್ತು ಗಂಟೆ. ಇಡ್ಲಿಗೆ ಕೊಟ್ಟ ದುಡ್ಡಿನಲ್ಲಿ ಇದು ಸೇರಿಲ್ಲ.

ಇದರಲ್ಲಿ ನನಗೆ ಕುತೂಹಲದ ಸಂಗತಿ ಇನ್ನೊಂದು. ಆ ಕಾರಿನವರು ಒಂದು ಕ್ಷಣವೂ ಜಾಮಿನಲ್ಲಿ ಸಿಕ್ಕಲಿಲ್ಲ. ಅವರ ಮುಂದಿನ ರಸ್ತೆ ಖಾಲಿ! ಜಾಮ್ ಯಾವಾಗಲೂ ಮಾಡಿದವರ ಬೆನ್ನ ಹಿಂದೆ ಬೆಳೆಯುತ್ತದೆ. ಸಾಲಿನ ಕೊನೆಯಲ್ಲಿ ಸೇರಿಕೊಂಡವರು ಮುಂದೆ ಬಂದು ನೋಡುವಾಗ ಅಲ್ಲಿ ಏನೂ ಇರುವುದಿಲ್ಲ. ‘ಇಷ್ಟು ಹೊತ್ತು ಯಾಕೆ ನಿಂತಿದ್ದೆವು?’ ಎಂದು ಪಕ್ಕದವರನ್ನು ಕೇಳಿ, ಸರ್ಕಾರವನ್ನು ಬೈದು ಮುಂದೆ ಹೋಗುತ್ತಾರೆ.

ಲೆಕ್ಕದ ಇನ್ನೊಂದು ಮಗ್ಗುಲು ನೋಡೋಣ. ಬೆಂಗಳೂರಿನವರಿಗೆಲ್ಲ ಗೊತ್ತು, ದಸರಾ ರಜೆ ಬಂತೆಂದರೆ ರಸ್ತೆ ಅರ್ಧ ಖಾಲಿಯಾದಂತೆ ಕಾಣುತ್ತದೆ. ಅರ್ಧ ಊರೇನೂ ಊರು ಬಿಟ್ಟಿರುವುದಿಲ್ಲ. ಶಾಲೆಯ ಗಾಡಿಗಳು ಇಲ್ಲ, ಕೆಲವರು ಹಾಸನಕ್ಕೋ ಹುಬ್ಬಳ್ಳಿಗೋ ಹೋಗಿದ್ದಾರೆ, ಅಷ್ಟೇ. ನಿಮಿಷಕ್ಕೆ 27ರ ಬದಲು 24 ಗಾಡಿ ಬರುತ್ತಿವೆ ಎಂದಿಟ್ಟುಕೊಳ್ಳಿ. ಅದೇ ಕಾರು, ಅದೇ ಇಡ್ಲಿ, ಅದೇ ಎರಡು ನಿಮಿಷ. ಹಿಂದೆ 48 ಗಾಡಿ ಸೇರುತ್ತವೆ, ನಿಮಿಷಕ್ಕೆ ಆರರಂತೆ ಕರಗಿ ಎಂಟೇ ನಿಮಿಷದಲ್ಲಿ ರಸ್ತೆ ಮೊದಲಿನಂತಾಗುತ್ತದೆ. ಹದಿನೆಂಟು ಇದ್ದದ್ದು ಎಂಟಾಯಿತು. ಕಮ್ಮಿಯಾದದ್ದು ಎಷ್ಟು ಗಾಡಿ? ಒಂಬತ್ತರಲ್ಲಿ ಒಂದು.

ಈ ‘ಒಂಬತ್ತರಲ್ಲಿ ಒಂದು’ ನೆನಪಿರಲಿ. ನಗರದ ಎಲ್ಲರೂ ಕಾರು ಬಿಟ್ಟು ಸನ್ಯಾಸಿಗಳಾಗಬೇಕಿಲ್ಲ. ನಾವು ದಿನವೂ ತುಂಬಿ ತುಳುಕುವ ಅಂಚಿನಲ್ಲಿದ್ದೇವೆ. ಅಲ್ಲಿ ಒಂದು ಚಮಚ ಹೆಚ್ಚಾದರೂ ಚೆಲ್ಲುತ್ತದೆ, ಒಂದು ಚಮಚ ತೆಗೆದರೂ ನಿಲ್ಲುತ್ತದೆ.

ಅಂಚಿನಲ್ಲಿರುವಾಗ ಇಡ್ಲಿಯ ನೆಪವೂ ಬೇಕಾಗುವುದಿಲ್ಲ. ಜಪಾನಿನಲ್ಲಿ ಸುಗಿಯಾಮ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗ 2008ರಲ್ಲಿ ಪ್ರಕಟವಾಯಿತು. 230 ಮೀಟರ್ ಸುತ್ತಳತೆಯ ಚಕ್ರಾಕಾರದ ದಾರಿಯಲ್ಲಿ 22 ಕಾರು ಬಿಟ್ಟು, ಎಲ್ಲರೂ ಗಂಟೆಗೆ 30 ಕಿಲೋಮೀಟರಿನಂತೆ ಹೋಗಿ ಎಂದರು. ಸಿಗ್ನಲ್ ಇಲ್ಲ, ಹಂಪ್ ಇಲ್ಲ, ದನ ಅಡ್ಡ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರ ಕಾಲು ಬ್ರೇಕಿನ ಮೇಲೆ ಒಂದಿಷ್ಟು ಹೆಚ್ಚು ಒತ್ತಿತು. ಹಿಂದಿನವರು ಅದಕ್ಕಿಂತ ಹೆಚ್ಚು ಒತ್ತಿದರು, ಅವರ ಹಿಂದಿನವರು ಇನ್ನೂ ಹೆಚ್ಚು. ಕೊನೆಗೆ ಕೆಲವು ಕಾರು ಪೂರ್ತಿ ನಿಂತೇಬಿಟ್ಟವು, ಆ ನಿಲುಗಡೆ ಅಲೆಯಂತೆ ಹಿಂದಕ್ಕೆ ಹಿಂದಕ್ಕೆ ಸರಿಯತೊಡಗಿತು. ಜಪಾನಿನ ಶಿಸ್ತಿನ ಚಾಲಕರ ಪಾಡೇ ಹೀಗಾದರೆ, ಬಣ್ಣ ಬಳಿಯದ ಹಂಪ್ ಕತ್ತಲಲ್ಲಿ ಕಾದು ಕೂತಿರುವ ನಮ್ಮ ರಸ್ತೆಗಳಲ್ಲಿ ಏನಾದೀತೆಂದು ಊಹಿಸಿ. ಒಂದು ಗುಂಡಿ ಒಂದು ಬ್ರೇಕು, ಒಂದು ಬ್ರೇಕು ಒಂದು ಅಲೆ. ಗುಂಡಿ ಮುಚ್ಚುವುದು ಬೆನ್ನುಮೂಳೆಯ ಕ್ಷೇಮಕ್ಕೆ ಮಾತ್ರ ಎಂದು ತಿಳಿಯಬೇಡಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ರಸ್ತೆ ಅಗಲ ಮಾಡಬಾರದೇಕೆ, ಫ್ಲೈಓವರ್ ಕಟ್ಟಬಾರದೇಕೆ? ಕಟ್ಟಿದ್ದೇವಲ್ಲ. ಕೆ.ಆರ್. ಮಾರ್ಕೆಟಿನಿಂದ ಸಿರ್ಸಿ ವೃತ್ತದ ಮೇಲ್ಸೇತುವೆ 1999ರಲ್ಲಿ ಬಂತು, ಹೆಬ್ಬಾಳದ್ದು 2003ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಎತ್ತರದ ರಸ್ತೆ 2010ರಲ್ಲಿ. ಒಂದೊಂದು ಬಂದಾಗಲೂ ಮೊದಲ ಆರು ತಿಂಗಳು ಸ್ವರ್ಗ. ನಾನೂ ಹತ್ತಿ ಇಳಿದು ಸಂತೋಷಪಟ್ಟವನೇ. ಆಮೇಲೆ?

ಕೆರೆ ಇರುವ ಊರಿನಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಲುವೆಯನ್ನು ಎಷ್ಟು ಬೇಕಾದರೂ ಅಗಲ ಮಾಡಿ, ತೂಬಿನಲ್ಲಿ ಹಿಡಿಸಿದಷ್ಟೇ ನೀರು ಹೊರಗೆ ಬರುವುದು. ಫ್ಲೈಓವರ್ ಎಂಬುದು ಕಾಲುವೆ. ಅದು ಇಳಿಯುವ ಜಾಗ ತೂಬು. ಎಲೆಕ್ಟ್ರಾನಿಕ್ ಸಿಟಿಯಿಂದ ಹತ್ತು ನಿಮಿಷದಲ್ಲಿ ಹಾರಿಕೊಂಡು ಬಂದವರು ಇಳಿದು ಸಿಲ್ಕ್ ಬೋರ್ಡಿನ ಕಡೆಗೆ ಸಾಲು ನಿಂತರು. ರೇಷ್ಮೆ ಬೆಳೆಗಾರರಿಗಾಗಿ ಇರುವ ಒಂದು ಗೌರವಾನ್ವಿತ ಕೇಂದ್ರ ಸಂಸ್ಥೆಯ ಹೆಸರು ಹೀಗೆ ಟ್ರಾಫಿಕ್ ಜಾಮಿಗೆ ಪರ್ಯಾಯ ಪದವಾಯಿತು. ಪಾಪ, ಅವರು ಮಾಡಿದ ತಪ್ಪೆಂದರೆ ಹೊಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವಲ್ಲಿ ಕಚೇರಿ ಇಟ್ಟುಕೊಂಡದ್ದು. ಹೆಬ್ಬಾಳದ ಕಥೆ ಇನ್ನೊಂದು ಬಗೆ. ಸೇತುವೆ ಮುಗಿದು ಐದು ವರ್ಷಕ್ಕೆ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಊರಿನ ಹತ್ತು ದಿಕ್ಕಿನಿಂದ ಬಂದವರೆಲ್ಲ ಒಂದೇ ಸೇತುವೆ ಏರಬೇಕಾಯಿತು. ಅಂದಿನಿಂದ ಆ ಸೇತುವೆಗೆ ಲೂಪುಗಳನ್ನು ಜೋಡಿಸುತ್ತಲೇ ಇದ್ದೇವೆ.

ಅಗಲ ಮಾಡಿದ ರಸ್ತೆಗೆ ಇನ್ನೊಂದು ಗುಣವಿದೆ, ಅದು ಹೊಸ ಗಿರಾಕಿಗಳನ್ನು ಕರೆಯುತ್ತದೆ. ಜಾಮಿಗೆ ಹೆದರಿ ಏಳು ಗಂಟೆಗೇ ಹೊರಡುತ್ತಿದ್ದವರು ಎಂಟೂವರೆಗೆ ಹೊರಡುತ್ತಾರೆ. ಬಸ್ಸಿನಲ್ಲಿ ಹೋಗುತ್ತಿದ್ದವರು ‘ಈಗ ರಸ್ತೆ ಚೆನ್ನಾಗಾಯ್ತಲ್ಲ’ ಎಂದು ಕಾರು ತೆಗೆಯುತ್ತಾರೆ. ದೂರದಲ್ಲಿ ಸೈಟು ಮಾರುವವರು ‘ಸಿಟಿಗೆ ಇಪ್ಪತ್ತೇ ನಿಮಿಷ’ ಎಂದು ಬೋರ್ಡು ಹಾಕುತ್ತಾರೆ. ಅಮೆರಿಕದ ಆಂಥೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞ 1962ರಲ್ಲೇ ಇದನ್ನು ಒಂದು ನಿಯಮದಂತೆ ಬರೆದಿಟ್ಟಿದ್ದ: ಹೆದ್ದಾರಿ ಎಷ್ಟು ಬೆಳೆದರೂ ಜನ ಒಟ್ಟಿಗೆ ಹೊರಡುವ ಹೊತ್ತಿನ ಗಾಡಿಗಳು ಬೆಳೆದು ಅದನ್ನು ತುಂಬಿಬಿಡುತ್ತವೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟಲು ಹೊರಟಾಗ 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ರಸ್ತೆ ಬದಿ ಕೈಕೈ ಹಿಡಿದು ನಿಂತು ಬೇಡ ಎಂದರು. ಮರುವರ್ಷ ಸರ್ಕಾರ ಅದನ್ನು ಕೈಬಿಟ್ಟಿತು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರಿನ ಸುರಂಗದ ಮಾತು ನಡೆದಿದೆ. ನೆಲದ ಮೇಲಾಗಲಿ ಕೆಳಗಾಗಲಿ, ನನ್ನದು ಒಂದೇ ಪ್ರಶ್ನೆ. ಸುರಂಗದಿಂದ ಹೊರಬಂದ ಗಾಡಿ ಎಲ್ಲಿಗೆ ಹೋಗುತ್ತದೆ? ತೂಬು ಎಲ್ಲಿದೆ?

ನಮ್ಮ ಊರಿನ ನಕ್ಷೆಯಲ್ಲೇ ತೂಬುಗಳು ಜಾಸ್ತಿ. ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದರೆಂಬ ಐತಿಹ್ಯವಿರುವ ಚಿಕ್ಕಪೇಟೆ–ದೊಡ್ಡಪೇಟೆಯ ಚೌಕದ ಬೀದಿಗಳು ಎತ್ತಿನ ಗಾಡಿಯ ಅಳತೆಗೆ ಸರಿಯಾಗಿದ್ದವು. ದಂಡು ಪ್ರದೇಶ ಬೇರೆಯೇ ಆಡಳಿತದಲ್ಲಿ ಬೆಳೆಯಿತು, ಎರಡೂ ಒಂದೇ ಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ. ಇದೆಲ್ಲ ಹಳೆಯ ಮಾತು, ಇರಲಿ. ನಿಜವಾದ ಗಂಟು ಬಿದ್ದದ್ದು ಈಚೆಗೆ, ಪೂರ್ವ ದಿಕ್ಕಿನಲ್ಲಿ. ಬೆಳ್ಳಂದೂರು, ಮಾರತ್ತಹಳ್ಳಿ, ವರ್ತೂರು ಹಳ್ಳಿಗಳಾಗಿದ್ದವು. ಅವುಗಳ ನಡುವೆ ಇದ್ದವು ಗಾಡಿ ಜಾಡುಗಳು, ಕೆರೆ ಏರಿಗಳು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದಾಗ ಹೆಸರು ದೊಡ್ಡದಾಯಿತು, ಜಾಡು ಅಷ್ಟೇ ಉಳಿಯಿತು. ಆ ಜಾಡಿನ ಎರಡೂ ಬದಿಗೆ ಇಪ್ಪತ್ತು ಮಹಡಿಯ ಕಟ್ಟಡಗಳು ಎದ್ದವು. ಪ್ರತಿಯೊಂದು ಬಡಾವಣೆಗೂ ಒಂದು ಕಾಂಪೌಂಡು, ಒಂದು ಗೇಟು, ಗೇಟಿನ ಮುಂದೆ ಅದೇ ಒಂದು ರಸ್ತೆ. ಪಕ್ಕದ ಬಡಾವಣೆಯ ಗೆಳೆಯನ ಮನೆಗೆ ಹೋಗಲು ಹುಡುಗ ಹೊರವರ್ತುಲ ರಸ್ತೆಗೆ ಬಂದು, ಮುಂದೆ ಹೋಗಿ ಯೂ ಟರ್ನ್ ಹೊಡೆದು ಬರಬೇಕು. ಜಯನಗರ, ಮಲ್ಲೇಶ್ವರಗಳಲ್ಲಿ ಒಂದು ಅಡ್ಡರಸ್ತೆ ಕಟ್ಟಿಕೊಂಡರೆ ಇನ್ನೊಂದು ಅಡ್ಡರಸ್ತೆ ಇದೆ. ಇಲ್ಲಿ ಅಡ್ಡರಸ್ತೆಗಳೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಪ್ರೋದ ಅಜೀಂ ಪ್ರೇಮ್‌ಜಿಯವರಿಗೆ ಪತ್ರ ಬರೆದು, ಸರ್ಜಾಪುರ ರಸ್ತೆಯ ಅವರ ಕ್ಯಾಂಪಸ್ಸಿನ ಒಳಗಿಂದ ಗಾಡಿಗಳಿಗೆ ದಾರಿ ಕೊಡಬಹುದೇ ಎಂದು ಕೇಳಿದ್ದು ನಿಮಗೆ ನೆನಪಿರಬಹುದು. ಕಾನೂನಿನ ತೊಡಕುಗಳನ್ನು ಹೇಳಿ ಅವರು ಒಪ್ಪಲಿಲ್ಲ. ಯಾರು ಸರಿ ಎಂಬ ವಾದ ನನಗೆ ಬೇಡ. ಒಂದು ರಾಜ್ಯದ ಮುಖ್ಯಮಂತ್ರಿ ಒಂದು ಕಂಪನಿಯ ಅಂಗಳದಲ್ಲಿ ದಾರಿ ಕೇಳಬೇಕಾಗಿ ಬಂತೆಂದರೆ, ಬಡಾವಣೆಗೆ ಮಂಜೂರಾತಿ ಕೊಡುವಾಗ ಅಡ್ಡರಸ್ತೆ ಕೇಳುವುದನ್ನು ನಾವು ಎಷ್ಟು ವರ್ಷ ಮರೆತಿದ್ದೆವು ಎಂದು ಯೋಚಿಸಿದೆ, ಅಷ್ಟೇ.

ಈಗ ‘ಒಂಬತ್ತರಲ್ಲಿ ಒಂದು’ ಗಾಡಿಗೆ ಬರೋಣ. ಅದನ್ನು ತೆಗೆಯುವುದು ಹೇಗೆ? 2012ರ ಸುಮಾರಿಗೆ ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು 40 ಲಕ್ಷದ ಆಚೀಚೆ ಇದ್ದವು. ಈಗ ಒಂದು ಕೋಟಿ ದಾಟಿದೆ. ಬಿ.ಎಂ.ಟಿ.ಸಿ. ಬಸ್ಸುಗಳು ಆಗಲೂ ಆರು ಸಾವಿರ ಚಿಲ್ಲರೆ, ಇಷ್ಟು ವರ್ಷವಾದ ಮೇಲೂ ಆರೇಳು ಸಾವಿರ. ಜಾಮಿನ ಬಗ್ಗೆ ಒಂದೇ ಒಂದು ಲೆಕ್ಕ ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಅರುವತ್ತು ಜನ ಹಿಡಿಸುವ ಬಸ್ಸು ರಸ್ತೆಯಲ್ಲಿ ಹನ್ನೆರಡು ಮೀಟರ್ ಜಾಗ ಹಿಡಿಯುತ್ತದೆ. ಅದೇ ಅರುವತ್ತು ಜನ ಮೂರು ಮಂದಿಗೆ ಎರಡು ಕಾರಿನಂತೆ ಹೊರಟರೆ ನಲವತ್ತು ಕಾರು. ಒಂದಕ್ಕೊಂದು ಮುತ್ತಿಡುವಷ್ಟು ಹತ್ತಿರ ನಿಲ್ಲಿಸಿದರೂ ನೂರೈವತ್ತು ಮೀಟರಿಗೆ ಕಮ್ಮಿಯಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು. ಅಷ್ಟಾಗಿ ಗೊತ್ತಿಲ್ಲದ್ದು, ಜಾಮ್ ಬಸ್ಸನ್ನು ಹೇಗೆ ಕೊಲ್ಲುತ್ತದೆ ಎಂಬುದು.

ನನ್ನ ಮಾಮೂಲಿ ಬಸ್ಸಿನಲ್ಲಿ ಒಬ್ಬರು ಕಂಡಕ್ಟರಮ್ಮ ಇದ್ದಾರೆ. ಒಂದು ಸಂಜೆ ಜಾಮಿನಲ್ಲಿ ನಿಂತಾಗ, ಟಿಕೆಟ್ ಮೆಷಿನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತು, ‘ಇವತ್ತೂ ಕೊನೇ ಟ್ರಿಪ್ ಕಟ್ ಆಯ್ತು ಸಾರ್’ ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಬೆರಳು ಮಡಚಿ ತೋರಿಸಿದರು. ಮಾರ್ಗದ ಒಂದು ಸುತ್ತಿಗೆ ಮೊದಲು 80 ನಿಮಿಷ ಸಾಕಾಗುತ್ತಿತ್ತಂತೆ. ಎಂಟು ಬಸ್ಸು ಓಡಿಸಿದರೆ ಹತ್ತು ನಿಮಿಷಕ್ಕೊಂದು ಬಸ್ಸು. ಈಗ ಸುತ್ತಿಗೆ ಎರಡು ಗಂಟೆ. ಅವೇ ಎಂಟು ಬಸ್ಸು, ಹದಿನೈದು ನಿಮಿಷಕ್ಕೊಂದು. ಡಿಪೋದಿಂದ ಒಂದು ಬಸ್ಸನ್ನೂ ಯಾರೂ ತೆಗೆದಿಲ್ಲ, ಡೀಸೆಲ್ ಕಮ್ಮಿಯಾಗಿಲ್ಲ, ಸಂಬಳವೂ ಅಷ್ಟೇ. ಆದರೆ ಸ್ಟಾಪಿನಲ್ಲಿ ನಿಂತವರ ಪಾಲಿಗೆ ಮೂರರಲ್ಲಿ ಒಂದು ಬಸ್ಸು ಮಾಯವಾಗಿದೆ. ಕಾದು ಕಾದು ಬೇಸತ್ತ ಹುಡುಗ ಕಂತಿನಲ್ಲಿ ಸ್ಕೂಟರು ತೆಗೆದುಕೊಳ್ಳುತ್ತಾನೆ. ಆ ಸ್ಕೂಟರು ಅದೇ ಬಸ್ಸಿನ ಮುಂದೆ ಬಂದು ನಿಲ್ಲುತ್ತದೆ. ಸುತ್ತಿಗೆ ಇನ್ನೆರಡು ನಿಮಿಷ ಸೇರಿತು. ‘ನೀವಾದ್ರೂ ಬಿಡಬೇಡಿ ಸಾರ್’ ಎಂದು ನಕ್ಕರು. ಆಮೇಲೆ ಹಿಂದಿನ ಬಾಗಿಲಿನವರಿಗೆ ‘ಒಳಗೆ ಬನ್ರೀ, ಫುಟ್‌ಬೋರ್ಡ್ ಬಿಡಿ’ ಎಂದು ಕೂಗುತ್ತ ಎದ್ದುಹೋದರು.

ಇದರಲ್ಲಿರುವ ಅನ್ಯಾಯ ನೋಡಿ. ಜಾಮಿಗೆ ಅತಿ ಕಡಿಮೆ ಕಾರಣರಾದವರು ಬಸ್ಸಿನವರು. ಅತಿ ಹೆಚ್ಚು ದಂಡ ತೆರುವವರೂ ಅವರೇ. ಕಾರಿನವರು ಏಸಿ ಹಾಕಿಕೊಂಡು ಹಾಡು ಕೇಳುತ್ತಾರೆ. ನಿಂತು ಪ್ರಯಾಣ ಮಾಡುವ ಗಾರ್ಮೆಂಟ್ಸ್ ಹೆಣ್ಣುಮಗಳು ತಡವಾಗಿ ಹೋದರೆ ಆ ದಿನದ ಹಾಜರಿಗೇ ಕುತ್ತು. 2023ರ ಜೂನಿನಿಂದ, ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆಯಲ್ಲಿ ಅವಳ ಟಿಕೆಟಿನ ದುಡ್ಡು ಉಳಿದಿದೆ, ಹೊತ್ತು ಉಳಿದಿಲ್ಲ.

ಪರಿಹಾರವನ್ನು ನಾವೇ ಒಮ್ಮೆ ಮಾಡಿ ನೋಡಿದ್ದೆವು. 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯ ಎಡಬದಿಯ ಒಂದು ಸಾಲನ್ನು ಕಂಬ ನೆಟ್ಟು ಬಸ್ಸಿಗೆಂದು ಮೀಸಲಿಟ್ಟರು. ಆ ದಿನಗಳಲ್ಲಿ ನಾನು 500-ಡಿ ಬಸ್ಸು ಹತ್ತಿ ಮಾರತ್ತಹಳ್ಳಿಯವರೆಗೆ ಸುಮ್ಮನೆ ಹೋಗಿ ಬಂದದ್ದುಂಟು. ಬಲಗಡೆ ಕಾರುಗಳು ನಿಂತಿವೆ, ನಮ್ಮ ಬಸ್ಸು ಗಾಳಿ ಸೀಳಿಕೊಂಡು ಹೋಗುತ್ತಿದೆ. ಕಿಟಕಿ ಪಕ್ಕದ ಅಜ್ಜಿಯೊಬ್ಬರು ‘ಏನಪ್ಪಾ, ಬಂದ್ ಏನಾದ್ರೂ ಇದೆಯಾ ಇವತ್ತು?’ ಎಂದು ಕೇಳಿದರು. ಕಾರಿನವರು ಬೈದುಕೊಂಡರು, ನಿಜ. ಬೈದವರಲ್ಲಿ ಕೆಲವರಾದರೂ ಪಕ್ಕದಲ್ಲಿ ಓಡುವ ಬಸ್ಸನ್ನು ಆಸೆಯಿಂದ ನೋಡಿರಬೇಕು. ಒಂಬತ್ತರಲ್ಲಿ ಒಬ್ಬರು ಕಾರು ಬಿಡುವುದು ಅಂಥ ನೋಟದಿಂದಲೇ, ಉಪದೇಶದಿಂದ ಅಲ್ಲ. ಆಮೇಲೆ ಕೋವಿಡ್ ಬಂತು, ಅದರ ಹಿಂದೆಯೇ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂತು. ಕಂಬಗಳು ಹೋದವು.

ಮೆಟ್ರೊ ಬೇಡವೆಂದು ಯಾರಾದರೂ ಹೇಳುತ್ತಾರೆಯೇ? 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ಇಡೀ ಊರು ಜಾತ್ರೆಗೆ ಹೋದಂತೆ ಹೋಗಿ ಬಂದಿತ್ತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಯಿತು, ಸುಮಾರು 19 ಕಿಲೋಮೀಟರು, ಸಿಲ್ಕ್ ಬೋರ್ಡಿನ ನೆತ್ತಿಯ ಮೇಲೆಯೇ. ಶುರುವಿನಲ್ಲಿ ರೈಲುಗಳು ಸಾಲದೆ 25 ನಿಮಿಷಕ್ಕೊಂದು ಬರುತ್ತಿತ್ತು, ಆದರೂ ಜನ ಕಾದರು. ಜನ ಎಷ್ಟು ಹಸಿದಿದ್ದಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಮೆಟ್ರೊ ಟಿಕೆಟಿನ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಒಂದು ಕೈಯಲ್ಲಿ ಕರೆಯುವುದು, ಇನ್ನೊಂದು ಕೈಯಲ್ಲಿ ತಳ್ಳುವುದು. ಮೆಟ್ರೊ ನಿಲ್ದಾಣದಿಂದ ಮನೆಗೆ ಹೋಗಲು ಫುಟ್‌ಪಾತ್ ಇದ್ದರೆ ಅರ್ಧ ಕೆಲಸ ಆದಂತೆ. ನಮ್ಮ ಬಡಾವಣೆಯ ಫುಟ್‌ಪಾತಿನಲ್ಲಿ ಟ್ರಾನ್ಸ್‌ಫಾರ್ಮರ್ ಇದೆ, ಮರಳಿನ ರಾಶಿ ಇದೆ, ಎಳನೀರಿನ ಗಾಡಿ ಇದೆ. ನಡೆಯುವವರು ರಸ್ತೆಗೆ ಇಳಿಯುತ್ತಾರೆ, ಗಾಡಿಗಳು ಅಷ್ಟು ಜಾಗ ಕಳೆದುಕೊಳ್ಳುತ್ತವೆ. ಎಳನೀರಿನವರನ್ನು ಎತ್ತಂಗಡಿ ಮಾಡಿ ಎನ್ನಲಾರೆ, ಅವರಿಗೊಂದು ಮೂಲೆ ಗೊತ್ತುಮಾಡಿ ಎನ್ನುತ್ತೇನೆ.

ದಟ್ಟಣೆ ಇರುವ ಹೊತ್ತಿಗೆ ರಸ್ತೆಗೆ ಶುಲ್ಕ ಹಾಕಬೇಕೆಂಬ ಸಲಹೆ ಆಗಾಗ ಬರುತ್ತದೆ. ಸಿಂಗಪುರ 1975ರಲ್ಲೇ ಹಾಕಿತು, ಲಂಡನ್ 2003ರಲ್ಲಿ, ನ್ಯೂಯಾರ್ಕ್ 2025ರ ಜನವರಿಯಲ್ಲಿ. ನನಗೆ ಪಾಠವೆನಿಸುವುದು ಸ್ಟಾಕ್‌ಹೋಮ್. ಅಲ್ಲಿ 2006ರ ಜನವರಿಯಲ್ಲಿ ಏಳು ತಿಂಗಳ ಪ್ರಯೋಗ ಎಂದು ಶುಲ್ಕ ಶುರುಮಾಡಿದರು. ಊರೊಳಗೆ ಬರುವ ಗಾಡಿಗಳು ಸುಮಾರು ಐದರಲ್ಲಿ ಒಂದು ಪಾಲು ಇಳಿದವು. ಮೊದಲು ಬೇಡವೆನ್ನುತ್ತಿದ್ದ ಜನ ಪ್ರಯೋಗ ನೋಡಿದ ಮೇಲೆ ಮತ ಹಾಕಿ ಇರಲಿ ಎಂದರು. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಮಾತೊಂದಿದೆ: ಶುಲ್ಕ ಶುರುವಾಗುವ ಮೊದಲೇ, 2005ರ ಆಗಸ್ಟಿನಲ್ಲಿ, ಆ ಊರು ಇನ್ನೂರರಷ್ಟು ಹೊಸ ಬಸ್ಸು ರಸ್ತೆಗೆ ಬಿಟ್ಟಿತ್ತು. ನಮ್ಮ ಅರ್ಧದಷ್ಟೂ ಇಲ್ಲದ ಊರು ಅದು. ಬಸ್ಸು ಮೊದಲು, ಬಿಲ್ಲು ಆಮೇಲೆ. ಬಸ್ಸೇ ಇಲ್ಲದ ವರ್ತೂರಿನವರ ಮುಂದೆ ರಸೀದಿ ಪುಸ್ತಕ ಹಿಡಿದು ನಿಂತರೆ ಅದು ದಟ್ಟಣೆ ಶುಲ್ಕವಲ್ಲ, ಸುಂಕದಕಟ್ಟೆ.

ಬಸ್ಸುಗಳು ಬರುವವರೆಗೆ ಇಡ್ಲಿಯ ಕಡೆ ಗಮನ ಕೊಡಬಹುದು. ಇದಕ್ಕೆ ಸುರಂಗವೂ ಬೇಡ, ಕೇಂದ್ರದ ಅನುಮೋದನೆಯೂ ಬೇಡ. ನಮ್ಮ ದರ್ಶಿನಿಯ ಮುಂದೆ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಯಾವ ಗಾಡಿಯೂ ನಿಲ್ಲದಂತೆ ಒಬ್ಬ ಪೇದೆ ಒಂದು ವಾರ ನಿಂತಿದ್ದರು. ಆ ವಾರವೆಲ್ಲ ನಮ್ಮ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಎಂಟನೇ ದಿನ ಅವರಿಗೆ ಬೇರೆಲ್ಲೋ ಬಂದೋಬಸ್ತ್ ಡ್ಯೂಟಿ ಬಿತ್ತು. ನಾನು ದರ್ಶಿನಿಯ ಮಾಲೀಕರ ಹತ್ತಿರ ಹೋಗಿ ನನ್ನ ಹಾಲಿನ ಚೀಟಿಯ ಲೆಕ್ಕ ತೋರಿಸಿದೆ. ಅವರು ಕನ್ನಡಕ ಏರಿಸಿ, ಪೂರ್ತಿ ಓದಿ, ‘ಒಂಬತ್ತು ಗಂಟೇನಾ?’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾರ್ಸಲ್ ಕೌಂಟರನ್ನು ಪಕ್ಕದ ಅಡ್ಡರಸ್ತೆಯ ಕಡೆಗಿರುವ ಕಿಟಕಿಗೆ ಬದಲಿಸಿದರೆ ಹೇಗೆ ಎಂದು ಅವರೇ ಕೇಳಿದರು. ಬಡಗಿಯನ್ನು ಕರೆಸಿದ್ದಾರೆ. ಕಿಟಕಿಯ ಸರಳು ಕತ್ತರಿಸುವ ಕೆಲಸ ನಿನ್ನೆ ನಡೆದಿತ್ತು.

ನನಗೆ ಕೊಟ್ಟ ಹೊತ್ತು ಮುಗಿಯಿತು. ಮೂರು ಗಂಟೆಯೊಳಗೆ ಮನೆ ಸೇರಿಕೊಳ್ಳಬೇಕು, ಆಮೇಲೆ ಶಾಲೆಗಳು ಬಿಡುತ್ತವೆ.